ಮನೀಲಾದಲ್ಲಿ ಕಟ್ಟಿದ ಬಾಸಿಂಗ

ಮನೋಹರನನ್ನು ಮೊದಲ ಸಲ ನೋಡಿದಾಗ ಪ್ಲೈವುಡ್ ಹಾಳೆಯನ್ನು ನೋಡುವಂತೆಯೇ ನೋಡಿದೆ. ಮೇಲಿನ ಪದರ ಚೊಕ್ಕ ಇತ್ತು: ಮೂವತ್ತೊಂದು ವರ್ಷ, ಕುರಕುಂಭದ ಕಾರ್ಖಾನೆಯೊಂದರಲ್ಲಿ ವೆಲ್ಡರ್, ಊರು ಬೈಲಹೊಂಗಲದ ಕಡೆ, ಮಾತು ಕಡಿಮೆ. ಬೆರಳುಗಳ ಮೇಲೆ ಸುಟ್ಟ ಕಲೆ, ಅಂದರೆ ಕೆಲಸ ಖರೇ. ಆದರೆ ಪುಣೆಯ ಖರಾಡಿಯಲ್ಲಿ ಇಪ್ಪತ್ತೆರಡು ವರ್ಷ ಪ್ಲೈವುಡ್ ಮಾರಿದವನು ನಾನು. ಮೇಲ್ಪದರ ಚಂದ ಇದ್ದಷ್ಟೂ, ಒಳಪದರ ಕಾಣುವ ಅಂಚನ್ನು ಬಗ್ಗಿ ನೋಡುತ್ತೇನೆ.

ಅವನನ್ನು ವರನಾಗಿ ಆರಿಸಿದವಳು ನನ್ನ ಮಗಳು ಅನುಜಾ. "ಅಪ್ಪಾ, ಮನುಷ್ಯಾನ್ನ ನೋಡ್ರಿ. ಮಾಲ್ ನೋಡಿದಂಗ ನೋಡಬ್ಯಾಡ್ರಿ" ಅಂದಳು. ನನಗೆ ಬೇರೆ ರೀತಿ ನೋಡಲು ಬರುವುದಿಲ್ಲ.

ಅಂಚು ಸಿಕ್ಕಿತು. ಅವನು ಎರಡು ವರ್ಷ ಫಿಲಿಪೈನ್ಸ್‌ನಲ್ಲಿ ಹಡಗು ದುರಸ್ತಿಯ ಕೆಲಸಕ್ಕೆ ಹೋಗಿದ್ದ. ಅವನ ಫೇಸ್‌ಬುಕ್ಕನ್ನು ಹಿಂದೆ ಹಿಂದೆ ಸರಿಸುತ್ತ ಹೋದೆ. ಒಂದು ಫೋಟೋ ಬಂತು. ರೇಷ್ಮೆ ಧೋತರ ಉಟ್ಟ ಮನೋಹರ, ಪಕ್ಕದಲ್ಲಿ ಕೆಂಪು ಸೀರೆಯ ಒಬ್ಬಳು ಮನೀಲಾದ ಹುಡುಗಿ, ಇಬ್ಬರ ಕೊರಳಲ್ಲೂ ಹಾರ. ಅಷ್ಟೇ ಆಗಿದ್ದರೆ ಬಿಡಬಹುದಿತ್ತು. ಇಬ್ಬರ ಹಣೆಗೂ ನಮ್ಮ ಕಡೆಯ ಬಾಸಿಂಗ ಕಟ್ಟಿತ್ತು.

ಭಾನುವಾರ ಅವನನ್ನು ಮನೆಗೆ ಕರೆಸಿದೆ. ನನ್ನ ತಾಯಿ ವಿಶಾಲಮ್ಮ ಮಂಚದ ಮೇಲೆ ನ್ಯಾಯ ಹೇಳುವ ಪಂಚರ ಹಾಗೆ ಕೂತಿದ್ದಳು. ಫೋಟೋ ಹಿಡಿದು ಕೇಳಿದೆ: "ಇವರು ಯಾರು, ನನ್ನ ಮಗಳ ಸವತಿಯೇನು?"

"ಅದು ಸಿನಿಮಾರಿ ಕಾಕಾರ. ಅಲ್ಲಿಯ ಲವ್ವು, ಫೈಟಿಂಗಿನ ಸಿನಿಮಾ. ಮದುವಿ ಸೀನಿಗೆ ಇಂಡಿಯಾದ ವರ ಒಬ್ಬ ಬೇಕಿದ್ದ. ನಮ್ಮ ಯಾರ್ಡಿಗೆ ಬಂದು ನನ್ನ ಕರ್ಕೊಂಡು ಹೋದ್ರು."

"ಸಿನಿಮಾದವರು ಪೇಟಾ ಸುತ್ತತಾರ, ಕುದುರಿ ಹತ್ತಸ್ತಾರ. ಮನೀಲಾದವರಿಗೆ ಬಾಸಿಂಗ ಯಾರು ಹೇಳಿಕೊಟ್ರಪಾ?"

ಅವನ ಮುಖ ಸಣ್ಣದಾಯಿತು. "ನಾನ ಹೇಳಿದ್ನಿರಿ. ಅವರು ಬರೇ ಹಾರ ಕೊಟ್ಟಿದ್ರು. ಬಾಸಿಂಗ ಇಲ್ಲದ ವರ ಅಂದ್ರ ಹೆಂಗರಿ? ಬಿಸ್ಕೀಟ್ ಡಬ್ಬಿ ರಟ್ಟು ಕತ್ತರಿಸಿ, ಬಂಗಾರದ ಕಾಗದ ಹಚ್ಚಿ, ಎರಡು ಮಾಡಿದೆ."

ಇಷ್ಟು ಚಂದದ ಸುಳ್ಳನ್ನು ಪುಣೆಯ ಯಾವ ದಲಾಲನೂ ನನಗೆ ಹೇಳಿರಲಿಲ್ಲ. ಅನುಜಾ ಎದ್ದು ನಿಂತಳು. "ಸಿನಿಮಾ ತರಿಸ್ರಿ. ಅದರಾಗ ಇವರು ಕಾಣಲಿಲ್ಲಂದ್ರ ನಾನ ಬ್ಯಾಡ ಅಂತೀನಿ. ಕಂಡ್ರ, ಅಪ್ಪಾ, ನೀವು ಇನ್ನ ಒಂದು ಮಾತು ಆಡಬಾರದು."

ಅವನ ಹಳೆಯ ಗೆಳೆಯ ಅಲ್ಲಿಂದ ಸಿನಿಮಾ ಕಳಿಸುವುದಕ್ಕೆ ಹತ್ತು ದಿನ ಹಿಡಿಯಿತು. ಒಂದು ಮಧ್ಯಾಹ್ನ ಮನೋಹರನನ್ನೂ ಕರೆಸಿಕೊಂಡು ಟಿವಿ ಮುಂದೆ ಎಲ್ಲರೂ ಕೂತೆವು. ಭಾಷೆ ಅವನ ಹೊರತು ಯಾರಿಗೂ ಬಾರದು, ಕಥೆ ಎಲ್ಲರಿಗೂ ತಿಳಿಯಿತು. ನಾಯಕ ಬೈಕಿನ ಮೇಲೆ ಪಾರ್ಸೆಲ್ ಒಯ್ಯುವವ. ನಾಯಕಿ ಪೊಲೀಸು, ಅದು ಅವನಿಗೆ ಗೊತ್ತಿಲ್ಲ. ಇಬ್ಬರೂ ಪ್ರೀತಿಸುತ್ತಾರೆ, ನಡುನಡುವೆ ಯಾರನ್ನಾದರೂ ಹೊಡೆಯುತ್ತಾರೆ.

"ಇವರಿಗೆ ಊಟದ ಹೊತ್ತಂಬೋದು ಇಲ್ಲೇನು?" ಅಂದಳು ತಾಯಿ.

ಒಂದು ತಾಸು ಕಳೆಯಿತು. ಪರದೆಯ ಮೇಲೆ ಮನೋಹರನ ಸುಳಿವಿಲ್ಲ. ನಾನು ಗಡಿಯಾರ ನೋಡುತ್ತಿದ್ದೆ, ಸ್ವಲ್ಪ ಖುಷಿಯಿಂದಲೇ. ಅನುಜಾಳ ಚಹಾ ಕೈಯಲ್ಲೇ ಆರಿತ್ತು.

ಆಮೇಲೆ ಮಂಟಪ ಬಂತು. ಕಳ್ಳನೊಬ್ಬನನ್ನು ಹಿಡಿಯಲು ನಾಯಕಿ ಫೋಟೋದಲ್ಲಿದ್ದ ಅದೇ ಕೆಂಪು ಸೀರೆ ಉಟ್ಟು ಮದುಮಗಳ ವೇಷ ಹಾಕಿದ್ದಳು. ಪಕ್ಕದಲ್ಲಿ ಮನೋಹರ! ನಾಯಕ ಬೈಕನ್ನು ಮಂಟಪದೊಳಗೇ ನುಗ್ಗಿಸಿ, ನಮ್ಮ ವರನ ಕೊರಳಪಟ್ಟಿ ಹಿಡಿದು ಅನ್ನದ ಪಾತ್ರೆಗೆ ಎಸೆದ. ಬಾಸಿಂಗ ಹರಿದು ಮಗುಚಿ ಬಿತ್ತು.

"ನಿಲ್ಲಿಸ್ರಿ!" ಅಂದೆ. ಟಿವಿಗೆ ಮೂಗು ತಾಗುವಷ್ಟು ಹತ್ತಿರ ಹೋದೆ. ರಟ್ಟಿನ ಹಿಂಬದಿಯಲ್ಲಿ ಅರ್ಧ ಬಿಸ್ಕತ್ತಿನ ಚಿತ್ರ ಕಾಣುತ್ತಿತ್ತು.

ಅನುಜಾ ನನ್ನನ್ನೇ ನೋಡುತ್ತಿದ್ದಳು. ಆದರೆ ತಾಯಿ ತಲೆ ಅಡ್ಡಡ್ಡ ಆಡಿಸಿದಳು. "ಬಾಸಿಂಗ ಕಟ್ಟಿ ಅರ್ಧಕ್ಕ ಎದ್ದಾನ. ಇದು ಶುಭ ಅಲ್ಲ."

"ಹೌದಲ್ಲ ಮತ್ತ!" ಅಂದೆ ನಾನು, ಮುಳುಗುವವನಿಗೆ ಹಗ್ಗ ಸಿಕ್ಕ ಹಾಗೆ.

ಮನೋಹರ ನನ್ನ ತಾಯಿಯ ಹತ್ತಿರ ನೆಲಕ್ಕೆ ಕೂತ. "ಅಜ್ಜಿ, ಅರಿಶಿಣ ಹಚ್ಕೊಂಡಿರಲಿಲ್ಲರಿ. ಬಾಸಿಂಗ ನೋಡಿ ಅವರು ಭಾಳ ಖುಷಿಯಾದ್ರು, ಇನ್ನೇನೇನು ಬೇಕು ಅಂತ ಕೇಳಿದ್ರು. ಅರಿಶಿಣದ ಮಾತು ನಾ ಬಾಯಿ ಬಿಡಲಿಲ್ಲ. ಅದು ಖರೇ ಮದುವಿಗೆ ಇರಲಿ ಅಂತ."

ತಾಯಿ ಕನ್ನಡಕ ಏರಿಸಿದಳು. ಮಂಟಪದ ದೃಶ್ಯವನ್ನು ಮೂರು ಸಲ ಹಿಂದಕ್ಕೆ ಹಾಕಿಸಿ ಅವನ ಕೈ, ಕುತ್ತಿಗೆ, ಪಾದ ಎಲ್ಲ ನೋಡಿದಳು. "ಇಲ್ಲ. ಎಲ್ಲೂ ಅರಿಶಿಣ ಇಲ್ಲ. ಇದು ಮದುವಿ ಅಲ್ಲ" ಅಂದು ನನ್ನ ಕಡೆ ತಿರುಗಿದಳು. "ಅಂಚು ನೋಡ್ತೀನಿ, ಅಂಚು ನೋಡ್ತೀನಿ ಅಂತಿದ್ದಿ. ಏನ್ ನೋಡಿದಿ?"

ಮದುವೆ ವೈಶಾಖಕ್ಕೆ ನಿಶ್ಚಯವಾಗಿದೆ. ಆದರೆ ಆ ಫೋಟೋ ಸಿಕ್ಕ ದಿನವೇ ನಾನು ಬಾರಾಮತಿಯಿಂದ ಬೆಳಗಾವಿವರೆಗೆ ಬಂಧುಗಳ ಹನ್ನೊಂದು ಮನೆಗಳಿಗೆ ಫೋನ್ ಮಾಡಿ, ಹುಡುಗನಿಗೆ ಮನೀಲಾದಲ್ಲಿ ಹೆಂಡತಿ ಇದ್ದಾಳೆ ಎಂದು ಹೇಳಿಬಿಟ್ಟಿದ್ದೆ. ಅನುಜಾ ಅಂದಳು, ವಾಪಸ್ ತಗೊಳ್ಳೋದು ಫೋನಿನಾಗ ನಡೆಯೂದಿಲ್ಲ ಅಂತ. ನಾಲ್ಕು ಮನೆಗೆ ಹೋಗಿ ಬಂದಿದ್ದೇನೆ. ಇನ್ನು ಏಳು ಮನೆಗಳಲ್ಲಿ ನಿಂತು, ನಾನು ಹೇಳಿದ್ದು ಸುಳ್ಳು, ಹುಡುಗ ಚೊಕ್ಕ ಎಂದು ನನ್ನ ಬಾಯಿಂದಲೇ ಹೇಳಿ ಮನೋಹರನ ಸಾಲ ತೀರಿಸಬೇಕಿದೆ.