ಏರಿಯ ತಿರುವಿನಲ್ಲಿ ತಿರುಗದ ಬಸ್ಸು

ಮಹಾರಾಜರ ಕಾಲದಲ್ಲಿ ನಾನು ತರೀಕೆರೆಯಿಂದ ಅಜ್ಜಂಪುರಕ್ಕೆ ಬಸ್ಸು ಓಡಿಸುತ್ತಿದ್ದೆ. ಐದೂವರೆಗೆ ನೀರು, ಎಣ್ಣೆ, ಟೈರು, ಬ್ರೇಕು ನೋಡುವುದು, ಏಳಕ್ಕೆ ಹೊರಡುವುದು. ಈ ಕ್ರಮ ನಾನು ತಪ್ಪಿಸಿದವನಲ್ಲ. ಆದರೆ ಮಳೆಗಾಲದಲ್ಲಿ ಅಜ್ಜಂಪುರದ ಕಡೆಯ ಎರೆಮಣ್ಣು ಸಿಕ್ಕಿದ ಮೇಲೆ ಯಾವ ಕ್ರಮವೂ ಉಳಿಯುತ್ತಿರಲಿಲ್ಲ.

ಬಸ್ಸಿನ ಹಿಂದಿನ ಎರಡು ಚಕ್ರಗಳ ನಡುವೆ ಡಿಫರೆನ್ಷಿಯಲ್ ಎಂಬ ಹಲ್ಲುಚಕ್ರಗಳ ಗೂಡಿರುತ್ತದೆ. ತಿರುವಿನಲ್ಲಿ ಹೊರಗಿನ ಚಕ್ರ ಒಳಗಿನದಕ್ಕಿಂತ ಹೆಚ್ಚು ಸುತ್ತಬೇಕು. ಅದಕ್ಕೆ ಆಸ್ಪದ ಕೊಡುವುದು ಈ ಗೂಡು. ಅದರ ದೋಷವೂ ಅಲ್ಲಿಯೇ. ಒಂದು ಚಕ್ರ ಕೆಸರಿಗೆ ಬಿದ್ದರೆ ಅದೊಂದೇ ಗಿರ್ರನೆ ಸುತ್ತುತ್ತದೆ, ಗಟ್ಟಿ ನೆಲದ ಮೇಲಿನದು ಕದಲುವುದಿಲ್ಲ. ಕೈಬ್ರೇಕನ್ನು ತುಸುವೇ ಎಳೆದು ಹಿಡಿದರೆ ಕೆಲವೊಮ್ಮೆ ಇನ್ನೊಂದಕ್ಕೂ ಬಲ ಸಿಗುತ್ತಿತ್ತು. ಇಲ್ಲದಿದ್ದರೆ ಎತ್ತು ಕಟ್ಟಿ ಎಳೆಸಬೇಕು.

ಎತ್ತಿಗಾಗಿ ಕಾದು ಬೇಸತ್ತ ಬಸ್ಸಿನ ಸಾಹುಕಾರರು ಕಡೂರಿನಿಂದ ಒಬ್ಬ ಮೇಸ್ತ್ರಿಯನ್ನು ಕರೆಸಿದರು. ಆತ ಅಕ್ಕಿ ಗಿರಣಿಯ ಎಂಜಿನ್ ಕೆಲಸದಲ್ಲಿ ಪಳಗಿದವನು. ಗಿರಣಿಯಲ್ಲಿ ಒಂದೇ ಶಾಫ್ಟಿನ ಮೇಲೆ ಎಲ್ಲ ಚಕ್ರವೂ ಒಟ್ಟಿಗೆ ಸುತ್ತುತ್ತವೆ, ಇಲ್ಲೂ ಹಾಗೇ ಆಗಲಿ ಎಂದು ಗೂಡಿನೊಳಗೆ ಉಕ್ಕಿನ ಬೆಣೆ ಬಡಿದು ಎರಡೂ ಚಕ್ರಗಳನ್ನು ಒಂದು ಮಾಡಿದ. ಗಿರಣಿ ಎಲ್ಲೂ ತಿರುವು ತೆಗೆದುಕೊಳ್ಳುವುದಿಲ್ಲ ಎಂಬುದು ಅವನಿಗೂ ಹೊಳೆಯಲಿಲ್ಲ, ನನಗೂ ಹೊಳೆಯಲಿಲ್ಲ.

ಮರುದಿನ ಸ್ಟೇರಿಂಗ್ ಭಾರವಾಗಿತ್ತು. ಹೊಸ ಕೆಲಸ, ಬಿಗಿಯಿರಬಹುದು ಎಂದುಕೊಂಡೆ. ಎರೆಯ ಕೆಸರನ್ನು ಬಸ್ಸು ಒಂದೇ ಉಸಿರಿಗೆ ದಾಟಿತು. ಜನ ಮೇಸ್ತ್ರಿಯನ್ನು ಹೊಗಳಿದರು. ಅದರಾಚೆ ಕೆರೆಯ ಏರಿ. ದಾರಿ ಎಡಕ್ಕೆ ಬಾಗುತ್ತದೆ, ತುಂಬಿದ ನೀರು ಬಲಕ್ಕೆ, ನಾನು ಕೂತ ಕಡೆಗೇ. ಎಡಕ್ಕೆ ತಿರುಗಿಸಿದೆ. ಮುಂದಿನ ಚಕ್ರಗಳು ತಿರುಗಿದವು, ಬಸ್ಸು ತಿರುಗಲಿಲ್ಲ. ಹಿಂದಿನ ಜೋಡಿ ಅದನ್ನು ನೆಟ್ಟಗೆ ನೀರಿನತ್ತ ದೂಡುತ್ತಿತ್ತು. ಬ್ರೇಕಿನ ಮೇಲೆ ನಿಂತುಬಿಟ್ಟೆ. ಮುಂದಿನ ಬಲಚಕ್ರ ಅಂಚಿನ ಕಲ್ಲು ಹತ್ತಿ ನಿಂತಿತು. ನನ್ನ ಮೊಣಕಾಲಿನ ಕೆಳಗೆ ನೀರು ಬಿಟ್ಟರೆ ಬೇರೇನೂ ಕಾಣಲಿಲ್ಲ. ಜನರನ್ನು ಎಡಬಾಗಿಲಿನಿಂದ ಒಬ್ಬೊಬ್ಬರಾಗಿ ಇಳಿಸಿ, ಹಿಂದಕ್ಕೆ ತೆಗೆದೆ.

ಸಾಹುಕಾರರಿಗೆ ಎಲ್ಲವನ್ನೂ ಹೇಳಿದೆ. ಅವರು, "ಕೆಸರಲ್ಲಿ ಹೂತ್ಕಳೋದಕ್ಕಿಂತ ಏರಿ ಮೇಲೆ ನಿಧಾನಕ್ಕೆ ಹೋಗೋದು ಕಷ್ಟವೇನಪ್ಪಾ?" ಎಂದರು. ಕೆಲಸ ಬಿಟ್ಟರೆ ಮನೆಯಲ್ಲಿ ಒಲೆ ಹೊತ್ತುವಂತಿರಲಿಲ್ಲ. ಮರುದಿನ ಅದೇ ಬಸ್ಸನ್ನು ಹೊರಡಿಸಿದೆ.

ಅಂದಿನಿಂದ ದಿನವೂ ಏರಿಯ ಈಚೆಗೆ ಎಲ್ಲರನ್ನೂ ಇಳಿಸಿ, ನಡೆದು ಬರಲು ಹೇಳಿ, ಬಸ್ಸನ್ನು ನಾನೊಬ್ಬನೇ ದಾಟಿಸುತ್ತಿದ್ದೆ. ಕೈ ಬೆವತು ಸ್ಟೇರಿಂಗ್ ಜಾರುತ್ತದೆಂದು ಅದಕ್ಕೆ ಬಟ್ಟೆ ಸುತ್ತಿದ್ದೆ. ಬಸ್ಸು ಅಂಗುಲ ಅಂಗುಲವಾಗಿ ಬಾಗುತ್ತಿತ್ತು. ಪ್ರತಿ ಸಲವೂ ಈ ಸಲ ಬಾಗುವುದಿಲ್ಲ ಅನ್ನಿಸುತ್ತಿತ್ತು.

ಐದನೆಯ ದಿನ ಒಬ್ಬ ಅಜ್ಜಿ ಇಳಿಯಲು ಒಪ್ಪಲಿಲ್ಲ. ತನ್ನ ಕಾಲುನೋವಿನ ಕಥೆಯನ್ನೆಲ್ಲ ಹೇಳಿದಳು. ಬೇರೆ ದಾರಿ ಕಾಣದೆ, ಬಸ್ಸು ಕೆರೆಗೆ ಬಿದ್ದರೂ ಬೀಳಬಹುದು ಎಂದುಬಿಟ್ಟೆ. ಆಕೆ ಕೂತಲ್ಲಿಂದಲೇ ಕೇಳಿದಳು:

"ಹಂಗಾದ್ರೆ ನೀನ್ಯಾಕೆ ಕೂತಿದ್ದೀಯಪ್ಪಾ? ನೀನೂ ಇಳಿ."

ಅದನ್ನು ನನಗೆ ಅದುವರೆಗೆ ಯಾರೂ ಹೇಳಿರಲಿಲ್ಲ. ನಾನೂ ಹೇಳಿಕೊಂಡಿರಲಿಲ್ಲ. ಎಂಜಿನ್ ನಿಲ್ಲಿಸಿದೆ. ಅಜ್ಜಿಗೆ ತೋಳು ಕೊಟ್ಟು ಏರಿಯುದ್ದಕ್ಕೂ ನಡೆಸಿದೆ. ಅಜ್ಜಂಪುರದಿಂದ ಸಾಹುಕಾರರಿಗೆ ಹೇಳಿಕಳಿಸಿದೆ: ಬಸ್ಸು ಏರಿ ದಾಟಿಲ್ಲ, ನಾನು ದಾಟಿಸುವುದಿಲ್ಲ.

ಮರುದಿನ ಅವರು ಸಿಟ್ಟಿನಿಂದಲೇ ಬಂದರು. ಕೆಲಸ ಹೋಯಿತೆಂದೇ ತಿಳಿದು, ನಿಧಾನವಾಗಿ ದಾಟಿಸುತ್ತೇನೆ, ತಾವು ಪಕ್ಕದಲ್ಲಿ ಕುಳಿತುಕೊಳ್ಳಬೇಕು ಎಂದು ಕೇಳಿಕೊಂಡೆ. ಅವರು ಏರಿಯ ತಿರುವಿನವರೆಗೆ ನಡೆದುಹೋಗಿ, ಅಂದು ಚಕ್ರ ಹತ್ತಿ ಕಿತ್ತುಬಂದಿದ್ದ ಅಂಚಿನ ಕಲ್ಲನ್ನೂ ಕೆಳಗಿನ ನೀರನ್ನೂ ನೋಡಿ ಹಿಂದಿರುಗಿದರು. ಬಸ್ಸು ಹತ್ತಲಿಲ್ಲ. ಕಡೂರಿಗೆ ಆಳು ಕಳಿಸಿದರು. ಮೇಸ್ತ್ರಿ ಬಂದು ಅಲ್ಲೇ ರಸ್ತೆಯ ಮೇಲೆ ಗೂಡು ಬಿಚ್ಚಿ ಬೆಣೆ ಹೊರಗೆ ತೆಗೆಯುವವರೆಗೆ ಸಾಹುಕಾರರು ಅಲ್ಲಿಂದ ಕದಲಲಿಲ್ಲ.