ಅವನ ಬದಲು ನಾನು ಮಲಗಿದ್ದೆ

ಕಾರ್ಗಿಲ್ ಯುದ್ಧ ನಡೆದ ವರ್ಷ ನಾನು ಹತ್ತನೇ ತರಗತಿಯಲ್ಲಿದ್ದೆ. ಪಾಂಡವಪುರದಿಂದ ಕೆ.ಆರ್. ಪೇಟೆ ಕಡೆಗೆ ಹೋಗುವ ರಸ್ತೆಯಲ್ಲಿ, ನಾಲೆಯ ಪಕ್ಕಕ್ಕೆ ನಮ್ಮ ವಸತಿ ಶಾಲೆ. ಬರೀ ಗಂಡುಹುಡುಗರು. ನನ್ನ ಊರು ನಾಗಮಂಗಲ ತಾಲ್ಲೂಕಿನಲ್ಲಿ, ಬೆಳ್ಳೂರು ಕ್ರಾಸಿನಿಂದ ಒಳಕ್ಕೆ. ಅಪ್ಪ ಅವ್ವ ಹಸು ಕಟ್ಟಿಕೊಂಡು ಡೈರಿಗೆ ಹಾಲು ಹಾಕುತ್ತಿದ್ದರು. ಮನೆಯ ಹಾಲು, ಹಾಸ್ಟೆಲಿನ ಮುದ್ದೆ ಎರಡೂ ಸೇರಿ ನಾನು ವಯಸ್ಸಿಗೆ ಮೀರಿ ಬೆಳೆದಿದ್ದೆ. ಹಾಗಾಗಿ ಆಟದಲ್ಲಿ ನನಗೆ ಗುಂಡು ಎಸೆತ, ಕೆಡೆಟ್ ಪೆರೇಡಿನಲ್ಲಿ ಸಾಲಿನ ತುದಿ.

ಆಟಕ್ಕೂ ಪೆರೇಡಿಗೂ ಒಬ್ಬರೇ ಮೇಷ್ಟ್ರು. ಸೈನ್ಯದಲ್ಲಿ ಹವಾಲ್ದಾರರಾಗಿದ್ದು ನಿವೃತ್ತಿಯಾಗಿ ಬಂದವರು. ಬೆಳಿಗ್ಗೆ ಮೈದಾನದಲ್ಲಿ ಹಿಂದಿಯಲ್ಲಿ ಕೂಗುವರು, ಸಾಲು ಕೆಟ್ಟರೆ ಕನ್ನಡದಲ್ಲಿ ಬೈಯುವರು. ನಮಗೆ ನಿಜವಾದ ಬಂದೂಕುಗಳಿರಲಿಲ್ಲ. ಪಕ್ಕದ ಹಳ್ಳಿಯ ಮರಗೆಲಸದ ಆಚಾರ್ರು ಕೆತ್ತಿಕೊಟ್ಟ ಮರದ ಬಂದೂಕುಗಳನ್ನೇ ಹೆಗಲಿಗೇರಿಸಿ ನಡೆಯುತ್ತಿದ್ದೆವು. ಹಿಡಿ ಮುರಿದರೆ ಆಚಾರ್ರೇ ಸೈಕಲ್ಲಿನಲ್ಲಿ ಬಂದು, ಮೈದಾನದ ಅಂಚಿಗೆ ಕೂತು ಸರಿಮಾಡಿ ಹೋಗುತ್ತಿದ್ದರು. ಅವರಿಗೆ ಒಬ್ಬನೇ ಮಗ. ಊರು ಹತ್ತಿರವಾದ್ದರಿಂದ ಮನೆಯಿಂದಲೇ ನಡೆದು ಬಂದು ನಮ್ಮ ಶಾಲೆಯಲ್ಲಿ ಓದಿದವನು. ಅವನಿಗೆ ಓಟ ಕಲಿಸಿದವರು, ಸೈನ್ಯದ ಭರ್ತಿಗೆ ಕರೆದುಕೊಂಡು ಹೋದವರು ನಮ್ಮ ಮೇಷ್ಟ್ರೇ. ನಾನು ಶಾಲೆಗೆ ಸೇರುವಷ್ಟರಲ್ಲಿ ಅವನು ಹೊರಟುಹೋಗಿದ್ದ. ಅವನ ಮುಖವನ್ನೂ ನಾನು ನೋಡಿರಲಿಲ್ಲ.

ಆ ಜೂನ್ ತಿಂಗಳಲ್ಲಿ ವಾರ್ಡನ್ ಊಟದ ಮನೆಯ ಟಿವಿಯನ್ನು ವಾರ್ತೆಯ ಹೊತ್ತಿಗೆ ಮಾತ್ರ ಹಾಕುತ್ತಿದ್ದರು. ಕ್ರಿಕೆಟ್ ಸ್ಕೋರು ಕೇಳುವ ಹಾಗೆ, ಇವತ್ತು ಯಾವ ಬೆಟ್ಟ ಹಿಡಿದರು ಎಂದು ಒಬ್ಬರನ್ನೊಬ್ಬರು ಕೇಳುತ್ತಿದ್ದೆವು. ಸಂಜೆ ನಾಲೆಯ ಏರಿಯನ್ನೇ ಹಿಮದ ಬೆಟ್ಟ ಮಾಡಿಕೊಂಡು, ಮರದ ಬಂದೂಕು ಹಿಡಿದು ಹತ್ತುತ್ತಿದ್ದೆವು. ಸತ್ತವನು ಸ್ವಲ್ಪ ಹೊತ್ತು ಬಿದ್ದಿದ್ದು ಮತ್ತೆ ಎದ್ದು ಬರಬಹುದಿತ್ತು.

ಒಂದು ಬೆಳಿಗ್ಗೆ ಮೇಷ್ಟ್ರು ಸಾಲಿನ ಮುಂದೆ ಬಂದು ನಿಂತರು. ಏನೂ ಕೂಗಲಿಲ್ಲ. "ಆಚಾರ್ರ ಮಗ ಓಗ್ಬುಟ್ಟ ಕಣ್ರಲಾ," ಎಂದರು. ದೇಹ ಕಾರ್ಗಿಲಿನಿಂದ ಬರಲು ಕೆಲವು ದಿನ ಹಿಡಿಯುತ್ತದೆ. ಮಳೆಗೆ ಊರಿನ ದಾರಿಯೆಲ್ಲ ಕೆಸರಾಗಿದೆ. ಸೈನ್ಯದ ಲಾರಿ ಒಳಗೆ ಹೋಗದಿದ್ದರೆ ರಸ್ತೆಯಿಂದ ಊರಿನವರೆಗೆ ಕೆಡೆಟ್ ಹುಡುಗರೇ ಹೊರಬೇಕು. ಹಾಗೆಂದು ತಾಲ್ಲೂಕು ಕಚೇರಿಯಿಂದ ಹೇಳಿಕಳಿಸಿದ್ದರು.

ಅಂದಿನಿಂದಲೇ ಅಭ್ಯಾಸ ಶುರುವಾಯಿತು. ಬಂದೂಕಿನ ತುದಿಯನ್ನು ನೆಲಕ್ಕೆ ಊರಿ ತಲೆ ತಗ್ಗಿಸಿ ನಿಲ್ಲುವುದನ್ನು ಕಲಿತೆವು. ನಿಧಾನ ನಡಿಗೆ ಕಲಿತೆವು. ಒಂದು ಕಾಲು ಗಾಳಿಯಲ್ಲಿ ತುಸು ನಿಂತು ಆಮೇಲೆ ನೆಲ ಮುಟ್ಟಬೇಕು. ಪೆಟ್ಟಿಗೆಯ ಬದಲಿಗೆ ಊಟದ ಮನೆಯ ಬೆಂಚೊಂದನ್ನು ತಂದಿದ್ದರು. ಬರಿ ಬೆಂಚು ಹಗುರಾಗಿ ಹುಡುಗರು ಓಡುವಂತೆ ನಡೆದರು. ಉದ್ದ ಜಿಗಿತದ ಗುಂಡಿಯಿಂದ ಮರಳು ತುಂಬಿ ಚೀಲ ಇಟ್ಟರೆ ಅದು ಒಂದು ಕಡೆಗೆ ಜಾರಿತು. ಮೇಷ್ಟ್ರು ಸಾಲನ್ನೊಮ್ಮೆ ನೋಡಿ ನನ್ನ ಕಡೆ ಬೆರಳು ಮಾಡಿದರು.

"ನೀನ್ ಬಾಲಾ. ಅತ್ತಿ ಮಲಿಕೊ."

ಹುಡುಗರು ನಕ್ಕರು. ನಾನೂ ನಕ್ಕೆ. ಮಲಗಿದ ಮೇಲೆ ಹಾಸ್ಟೆಲಿನ ಬಿಳಿ ದುಪ್ಪಟಿ ಹೊದಿಸಿದರು. ಆರು ಜನ ಎತ್ತಿದಾಗ ನನ್ನ ನಗು ನಿಂತಿತು. ದುಪ್ಪಟಿಯೊಳಗೆ ಸೋಪಿನ ವಾಸನೆ, ಬೆಳ್ಳನೆ ಬೆಳಕು. ಹೊತ್ತವರ ಉಸಿರು ಕಿವಿಯ ಪಕ್ಕದಲ್ಲೇ ಕೇಳುತ್ತಿತ್ತು. ಯಾವನೋ ಒಬ್ಬ, "ಎಗಲು ಉರೀತದೆ ಕಣ್ಲಾ," ಎಂದು ಪಿಸುಗುಟ್ಟಿದ. ಅವರ ಕಾಲುಗಳು ನೆಲ ಮುಟ್ಟಿದಾಗಲೆಲ್ಲ ನನ್ನ ಬೆನ್ನಿಗೆ ಸಣ್ಣಗೆ ಬಡಿಯುತ್ತಿತ್ತು. ನನ್ನನ್ನು ಯಾರೂ ಏನೂ ಕೇಳುತ್ತಿರಲಿಲ್ಲ. ಇಳಿಸಿದಾಗ ಎದ್ದೇಳಬೇಕೆಂದು ಹೊಳೆಯಲೂ ಸ್ವಲ್ಪ ಹೊತ್ತಾಯಿತು. ದಿನಾ ಬೆಳಿಗ್ಗೆ, ಸಂಜೆ ಹೀಗೆಯೇ ನಡೆಯಿತು. ನಗುವುದನ್ನು ಹುಡುಗರೂ ಬಿಟ್ಟರು.

ಒಂದು ಸಂಜೆ ನನ್ನನ್ನು ಹೊತ್ತು ಮೈದಾನ ಸುತ್ತಿ ಇಳಿಸಿದಾಗ ಎಲ್ಲ ಸದ್ದೂ ನಿಂತುಹೋಯಿತು. ಮೇಷ್ಟ್ರ ಆಜ್ಞೆಯೂ ಇಲ್ಲ. ಯಾರೋ ಮುಖದ ಮೇಲಿನ ದುಪ್ಪಟಿ ಸರಿಸಿದರು. ಆಚಾರ್ರು ಬಗ್ಗಿ ನೋಡುತ್ತಿದ್ದರು. ದೇಹ ಯಾವಾಗ ಬರುತ್ತದೆಂದು ಕೇಳಲು ಶಾಲೆಯ ಫೋನಿನ ಹತ್ತಿರ ಬಂದವರು ನೇರ ಮೈದಾನಕ್ಕೆ ಬಂದುಬಿಟ್ಟಿದ್ದರು.

"ಏಳಪ್ಪ," ಎಂದರು. "ಒತ್ತು ಮುಳುಗೋ ಟೇಮಲ್ಲಿ ಮಲಗಬಾರ್ದು."

ನಾನು ಎದ್ದು ಕೂತೆ. ಅವರು ನನ್ನ ಬೆನ್ನಿಗಂಟಿದ್ದ ಮರಳನ್ನು ಕೈಯಿಂದ ಒರೆಸಿ, ಕಚೇರಿಯ ಕಡೆಗೆ ನಡೆದರು. ಮೇಷ್ಟ್ರು ಅವರ ಹಿಂದೆ ಹೆಜ್ಜೆ ಹಾಕಿದವರು ಅರ್ಧಕ್ಕೇ ನಿಂತುಬಿಟ್ಟರು. ಮಾರನೆಯ ದಿನವೂ ಅಭ್ಯಾಸ ಇತ್ತು. ಆದರೆ ದುಪ್ಪಟಿಯನ್ನು ನನ್ನ ಎದೆಯವರೆಗಷ್ಟೇ ಹೊದಿಸಿದರು.

ದೇಹ ಬೆಂಗಳೂರಿನಿಂದ ಬಂತು. ಶ್ರೀರಂಗಪಟ್ಟಣದಲ್ಲಿ ಹೆದ್ದಾರಿಯ ಎರಡೂ ಕಡೆ ಜನ ನಿಂತು ಲಾರಿಗೆ ಹೂವೆಸೆದರಂತೆ, ಪಾಂಡವಪುರದಲ್ಲಿ ಅಂಗಡಿಗಳೆಲ್ಲ ಬಾಗಿಲು ಹಾಕಿದ್ದವಂತೆ. ನಾವು ಊರಿನ ದಾರಿ ಕವಲೊಡೆಯುವಲ್ಲಿ ಇಸ್ತ್ರಿ ಮಾಡಿದ ಖಾಕಿ ಹಾಕಿಕೊಂಡು ಕಾದಿದ್ದೆವು. ಆದರೆ ಯಾರೋ ಟ್ರಾಕ್ಟರಿನಲ್ಲಿ ಜಲ್ಲಿ ತಂದು ಕೆಸರಿಗೆ ಸುರಿದಿದ್ದರು. ಲಾರಿ ನಮ್ಮೆದುರಿಗೇ ಒಳಗೆ ಹೋಯಿತು. ಪೆಟ್ಟಿಗೆಯನ್ನು ಇಳಿಸಿದವರು, ಹೊತ್ತವರು ಎಲ್ಲ ಸೈನಿಕರೇ. ನಾವು ಲಾರಿಯ ಹಿಂದೆಯೇ ಹೋಗಿ, ದೂರದಲ್ಲಿ ಮರದ ಬಂದೂಕು ತಗ್ಗಿಸಿಕೊಂಡು ನಿಂತೆವು. ತಲೆ ಬಗ್ಗಿಸಿದ್ದರಿಂದ ನನಗೆ ಕಂಡದ್ದು ಕೆಸರು, ನನ್ನ ಬೂಟು. ಪೆಟ್ಟಿಗೆ ತೆರೆಯಲಿಲ್ಲ ಎಂದು ಆಮೇಲೆ ತಿಳಿಯಿತು. ಒಬ್ಬ ಹೆಂಗಸು ಒಂದೇ ಸಮನೆ ಮಗನನ್ನು ಕರೆಯುತ್ತಿದ್ದದ್ದು ಮಾತ್ರ ನಾವು ನಿಂತಲ್ಲಿಗೂ ಕೇಳುತ್ತಿತ್ತು. ಅದು ಅಳುವ ದನಿಯಲ್ಲ. ಹೊಲದಲ್ಲಿರುವವನನ್ನು ಊಟಕ್ಕೆ ಕರೆಯುವ ದನಿ.

ಬೆಂಚು ಊಟದ ಮನೆಗೆ ವಾಪಸು ಹೋಯಿತು. ಅದರ ಮೇಲೆ ಯಾರೂ ಕೂರಲಿಲ್ಲ. ನಾನು ಕೂತರೆ ಪಕ್ಕಕ್ಕೆ ಯಾರೂ ಬರುತ್ತಿರಲಿಲ್ಲ. ವಾರ್ಡನ್ ಗದರಿಸಿದರೆ ಹುಡುಗರು ತಟ್ಟೆ ಹಿಡಿದು ನಿಂತೇ ಉಣ್ಣುತ್ತಿದ್ದರು. ನನಗೋ ಅಂಗಾತ ಮಲಗಿದರೆ ಸಾಕು, ಯಾರೋ ಎತ್ತಿಕೊಳ್ಳಲು ಬರುವರೆಂದು ಮೈ ಸೆಟೆದುಕೊಳ್ಳುತ್ತಿತ್ತು. ಮಗ್ಗುಲಾಗಿ ಮಲಗುವುದು ರೂಢಿಯಾಯಿತು. ಗುಂಡು ಎಸೆಯುವಾಗ ಮಾತ್ರ ಎಲ್ಲ ಮರೆಯುತ್ತಿತ್ತು. ಅದರ ಭಾರವಾದರೂ ನನ್ನ ಕೈಯಲ್ಲಿರುತ್ತಿತ್ತು.

ಭಾನುವಾರಗಳಲ್ಲಿ ಹುಡುಗರನ್ನು ನೋಡಲು ಮನೆಯವರು ಬರುತ್ತಿದ್ದರು. ಮಗನ ತಿಥಿ ಕಳೆದ ಮೇಲಿನ ಒಂದು ಭಾನುವಾರ ಆಚಾರ್ರು ಹೆಂಡತಿಯನ್ನು ಕರೆದುಕೊಂಡು ಬಂದರು. ಸಣ್ಣ ಮೈಯ ಹೆಂಗಸು. ಜಗಲಿಯಲ್ಲಿ ನನ್ನನ್ನು ತೋರಿಸಿ, "ಇವ್ನೇ," ಎಂದರು.

ಆಕೆ ನನ್ನನ್ನು ಕಾಲಿನಿಂದ ತಲೆಯವರೆಗೆ ನೋಡಿದರು. "ಅವನೂ ಇಷ್ಟೇ ಎತ್ರ," ಎಂದು ಗಂಡನಿಗೆ ಹೇಳಿದರು. ಆಮೇಲೆ ನನಗೆ, "ಮೊಕನೇ ತೋರಿಸ್ನಿಲ್ಲ ಕಣಪ್ಪ. ಪೆಟ್ಗೆ ತಗೀಬ್ಯಾಡಿ ಅಂದ್ಬುಟ್ರು. ನಿನ್ನ ಒತ್ಕಂಡಿದ್ರಂತಲ್ಲ, ಅಲ್ಲಾಡ್ತಿತ್ತಾ?"

"ಇಲ್ಲ ಕಣವ್ವ. ನಿಧಾನಕ್ಕೆ ನಡೀತಿದ್ರು."

"ನೋವಾಯ್ತಿರ್ನಿಲ್ವಾ?"

"ಇಲ್ಲ."

"ಮಲಗಿದ್ರೆ ಸುತ್ತ ಮಾತಾಡೋದು ಕೇಳುಸ್ತದಾ?"

"ಎಲ್ಲ ಕೇಳುಸ್ತದೆ," ಎಂದೆ. ನಾನು ನನ್ನ ವಿಷಯ ಹೇಳಿದ್ದೆ. ಆಕೆ ಯಾರ ವಿಷಯ ಕೇಳುತ್ತಿದ್ದಾರೆಂದು ಹೊಳೆದದ್ದು ಹೇಳಿಯಾದ ಮೇಲೆ.

"ಅಂಗಾದ್ರೆ ನಾನ್ ಕೂಗಿದ್ದು ಕೇಳಿರ್ತದೆ," ಎಂದರು. ಕಾಲ ಬಳಿಯ ನೆಲ ತೋರಿಸಿ, "ಒಂದ್ಸಲ ಅಂಗೇ ಮಲಿಕತೀಯಾ, ಮಗ?"

ಆಚಾರ್ರು ಬೇರೆ ಕಡೆ ತಿರುಗಿದರು. ಜಗಲಿಯ ತಣ್ಣನೆ ಕಲ್ಲಿನ ಮೇಲೆ ನಾನು ಕೈಗಳನ್ನು ಪಕ್ಕಕ್ಕಿಟ್ಟು ಮಲಗಿ ಕಣ್ಣು ಮುಚ್ಚಿದೆ. ಮೈದಾನದಲ್ಲಿ ಹುಡುಗರು ಕಬಡ್ಡಿ ಆಡುತ್ತಿದ್ದರು. ಆಕೆ ನನ್ನ ತಲೆಯ ಹತ್ತಿರ ಕೂತದ್ದು ಬಳೆಯ ಸದ್ದಿನಿಂದ ಗೊತ್ತಾಯಿತು. ಹಣೆಯ ಮೇಲೆ ಒರಟು ಅಂಗೈ. ಮಗನನ್ನು ಮನೆಯಲ್ಲಿ ಕರೆಯುತ್ತಿದ್ದ ಮುದ್ದಿನ ಹೆಸರು ಹಿಡಿದು ಮೆಲ್ಲಗೆ ಕರೆದರು. ಮತ್ತೆ ಕರೆದರು. "ಕೇಳುಸ್ತಾ?" ಎಂದರು.

ಹೂಂ ಅನ್ನಬೇಕೋ ಸುಮ್ಮನಿರಬೇಕೋ ನನಗೆ ತಿಳಿಯಲಿಲ್ಲ. ಆಕೆ ಕಾದರು. ನಾನು ಉಸಿರು ಬಿಗಿಹಿಡಿದಿದ್ದೇನೆಂದು ಗೊತ್ತಾಗಿರಬೇಕು, ಎದೆಯ ಮೇಲೆ ಮೆತ್ತಗೆ ತಟ್ಟಿ, "ಉಸ್ರಾಡು," ಎಂದರು.

ಆಚಾರ್ರು, "ನಡಿ, ಒತ್ತಾಯ್ತು," ಎಂದರು. ನಾನು ಕಣ್ಣು ಬಿಡುವಾಗ ಅವರಿಬ್ಬರೂ ಗೇಟಿನ ಹತ್ತಿರ ಹೋಗಿಯಾಗಿತ್ತು.

ಈ ಸುದ್ದಿ ಯಾರ ಬಾಯಿಂದಲೋ ನನ್ನ ಅವ್ವನಿಗೆ ಮುಟ್ಟಿತು. ಹಸು ಕರೆಯುವುದನ್ನು ಪಕ್ಕದ ಮನೆಯವರಿಗೆ ಒಪ್ಪಿಸಿ, ವಾರದ ನಡುವೆಯೇ ಬಂದುಬಿಟ್ಟಳು. ಮೇಷ್ಟ್ರ ಎದುರು ನಿಂತು, "ಬದುಕಿರೋ ಮಗನ್ನ ಎಣ ಮಾಡಿ ಒತ್ಕಂಡಿದ್ದೀರಲ್ಲ ಸ್ವಾಮಿ. ನಿಮಗೇನು ಮಕ್ಳಿಲ್ವಾ?" ಎಂದಳು. ಎಲ್ಲರಿಗೂ ಕೂಗಿ ಮಾತಾಡುವ ಮೇಷ್ಟ್ರು, "ತಪ್ಪಾಯ್ತವ್ವ," ಎಂದಷ್ಟೇ ಹೇಳಿ ನೆಲ ನೋಡಿದರು. ಅವ್ವ ನನ್ನ ತೋಳಿಗೆ ಕಪ್ಪು ದಾರ ಕಟ್ಟಿ ಹೋದಳು. ಯುದ್ಧ ಮುಗಿಯಿತು. ಆಗಸ್ಟ್ ಹದಿನೈದಕ್ಕೆ ಪೆರೇಡು ಮಾಡಿದೆವು. ದಸರಾ ರಜೆ ಮುಗಿಸಿ ಬರುವಷ್ಟರಲ್ಲಿ ಮೇಷ್ಟ್ರು ಕೆಲಸ ಬಿಟ್ಟು ಊರಿಗೆ ಹೋಗಿದ್ದರು. ನಾನು ಸೈನ್ಯದ ಭರ್ತಿಗೆ ಹೋಗಲಿಲ್ಲ. ಹೋಗು ಎಂದು ಯಾರೂ ಹೇಳಲೂ ಇಲ್ಲ.

ಎಷ್ಟೋ ವರ್ಷಗಳ ಮೇಲೆ ಶ್ರೀರಂಗಪಟ್ಟಣದ ಬಸ್ ಸ್ಟ್ಯಾಂಡಿನಲ್ಲಿ ಆಚಾರ್ರ ಹೆಂಡತಿ ಕಂಡರು. ನಾನೇ ಹತ್ತಿರ ಹೋಗಿ ಶಾಲೆಯ ಹೆಸರು ಹೇಳಿದೆ. ನನ್ನ ಕೈ ಹಿಡಿದುಕೊಂಡು, "ನಿಂಗೀಗ ಎಷ್ಟ್ ವರ್ಸ?" ಎಂದು ಕೇಳಿದರು. ಹೇಳಿದೆ. ತುಟಿಯೊಳಗೇ ಏನೋ ಎಣಿಸಿಕೊಂಡು, "ಅವನ್ಗಿಂತ ದೊಡ್ಡೋನಾಗ್ಬುಟ್ಟೆ," ಎಂದರು. ಅವರ ಬಸ್ಸು ಬಂತು. ಚೀಲ ಎತ್ತಿ ಒಳಗಿಟ್ಟೆ. ಆಕೆಗೆ ಆಚೆ ಬದಿಯ ಸೀಟು ಸಿಕ್ಕಿತು. ಬಸ್ಸು ಹೊರಟಾಗ ಇತ್ತ ತಿರುಗಿದರೋ ಇಲ್ಲವೋ ನನಗೆ ಕಾಣಲಿಲ್ಲ.