ನೆತ್ತಿ ತಗಡು, ಗೇಣು ಸಂದಿ

ಹೋದ ಮಂಗಳವಾರ ಸಂಜೆ ನಾಲ್ಕಕ್ಕೆ ನಮ್ಮ ಮನೆಯ ನೆತ್ತಿ ಹಾರಿಹೋಯಿತು.

ಉತ್ಪ್ರೇಕ್ಷೆ ಅಲ್ಲ. ಕುಷ್ಟಗಿಯ ಗಾಳಿ ಕಂಡವರು ನಂಬುತ್ತಾರೆ. (ಇಲ್ಲದಿದ್ದರೆ ನಮ್ಮೂರ ಸುತ್ತ ಅಷ್ಟು ದೊಡ್ಡ ಫ್ಯಾನು ನೆಟ್ಟು ಕರೆಂಟು ಯಾಕೆ ತೆಗೆಯುತ್ತಿದ್ದರು?) ನಮ್ಮದು ಪತ್ರಾಸಿನ, ಅಂದರೆ ತಗಡು ಹೊದಿಸಿದ ಮನೆ. ಎರಡು ಕಡೆಯಿಂದ ಏರಿಬಂದ ತಗಡುಗಳು ತುದಿಯಲ್ಲಿ ಕೂಡುತ್ತವಲ್ಲ, ಆ ಸಂದಿ ಮುಚ್ಚಲು ನಡುವೆ ಮಡಚಿದ ಉದ್ದನೆಯ ತಗಡನ್ನು ಕವುಚಿ ಹಾಕಿರುತ್ತಾರೆ. ಕೆಲಸದವರು ಅದಕ್ಕೆ ರಿಜ್ ಅನ್ನುತ್ತಾರೆ. ಮೊದಲು ಅದು ಪಟಪಟ ಬಡಿದುಕೊಂಡಿತು. ಆಮೇಲೆ ಕಿರ್ರ್ ಅಂತ ಒಂದು ಸದ್ದು. ತಲೆ ಎತ್ತಿದರೆ ಆಕಾಶ.

ತಗಡು ಹೋಗಿ ಬಿದ್ದದ್ದು ಪಾನ್ ಅಂಗಡಿ ಶಿವಪ್ಪನ ಮುಂದೆ. ಪುಣ್ಯಕ್ಕೆ ಯಾರ ಮೇಲೂ ಬೀಳಲಿಲ್ಲ. ಅದನ್ನು ಹೆಗಲ ಮೇಲೆ ಹೊತ್ತು ತಂದ ಶಿವಪ್ಪ ನಮ್ಮ ಅಂಗಳದಲ್ಲಿ ನಿಂತು ಒಂದು ಬಾಗಿಲು ನೋಡಿದ, ಪಕ್ಕದ ಇನ್ನೊಂದು ಬಾಗಿಲು ನೋಡಿದ.

“ಟೀಚರ್ರ, ಇದು ನಿಮ್ಮದೋ, ದೊಡ್ಡಕ್ಕಾರದೋ? ಯಾರ ಬಾಗಲಿಗೆ ಇಡ್ಲಿ?”

ಒಳ್ಳೆಯ ಪ್ರಶ್ನೆ. ಕೊನೆಗೆ ಶಿವಪ್ಪನೇ ಅದನ್ನು ಎರಡು ಬಾಗಿಲ ನಡುವಿನ ಗೋಡೆಗೆ ಒರಗಿಸಿ ಹೋದ.

ಮನೆ ಒಂದೇ. ಮಾಡೂ ಒಂದೇ. ನೆತ್ತಿಯ ನೇರ ಕೆಳಗೆ, ಬೀದಿಯಿಂದ ಹಿತ್ತಲ ತನಕ ಒಂದು ಗೋಡೆ. ಗೋಡೆಯ ಈ ಕಡೆ ನಾನು, ಹೈಸ್ಕೂಲಿನಲ್ಲಿ ಗಣಿತ ಹೇಳುವ ಒಂಟಿ ಹೆಂಗಸು. ಆ ಕಡೆ ನನ್ನ ಅತ್ತಿಗೆ, ಮೂರು ವರ್ಷದ ಹಿಂದೆ ತೀರಿಹೋದ ಅಣ್ಣನ ಹೆಂಡತಿ. ಮಗಳನ್ನು ಯಲಬುರ್ಗಾಕ್ಕೆ ಕೊಟ್ಟ ಮೇಲೆ ಆಕೆಯೂ ಒಂಟಿ. ಅದು ಜಗಳದ ಗೋಡೆ ಅಲ್ಲ. ನನಗೆ ಬರೆಯಲು ಶಾಂತ ಬೇಕು ಅಂತ ಅಣ್ಣನೇ ಕಟ್ಟಿಸಿದ. ಹಾಗಂತ ಎಲ್ಲರಿಗೂ ಹೇಳುತ್ತ ಬಂದಿದ್ದೇನೆ. ಅವನಾಗಿ ಕಟ್ಟಿಸಿದನೋ, ನಾನೇ ಹಟ ಹಿಡಿದು ಕಟ್ಟಿಸಿಕೊಂಡೆನೋ? ಈಗ ಕೇಳಿದರೆ ಎದೆ ಮುಟ್ಟಿ ಹೇಳಲಾರೆ.

ಗೌಂಡಿ ಆ ಗೋಡೆಯನ್ನು ನೆತ್ತಿಗೆ ಮುಟ್ಟಿಸಲಿಲ್ಲ. ಮೇಲೆ ಒಂದು ಗೇಣು ಸಂದಿ ಬಿಟ್ಟ. ನನ್ನ ಕಳೆದ ಎಂಟು ತಿಂಗಳ ಬದುಕೆಲ್ಲ ಆ ಗೇಣು ಸಂದಿಯಲ್ಲಿದೆ.

ಬೆಳಿಗ್ಗೆ ಆರಕ್ಕೆ ಆ ಕಡೆ ಲೈಟರಿನ ಟಿಕ್ ಟಿಕ್. ಮೂರನೆಯ ಟಿಕ್‌ಗೆ ಗ್ಯಾಸ್ ಹೊತ್ತಿಕೊಳ್ಳುತ್ತದೆ. ಆರೂವರೆಗೆ ಪೇಪರು ಮೊದಲು ಆಕೆಯ ಬಾಗಿಲಿಗೆ ಬೀಳುತ್ತದೆ, ಆಮೇಲೆ ನನ್ನದಕ್ಕೆ. ರಜೆಯ ದಿನವಾದರೆ ಮಧ್ಯಾಹ್ನಕ್ಕೆ ಮುಂಚೆ ರೊಟ್ಟಿ ಬಡಿಯುವ ಸದ್ದು. ನಾನು ಎಣಿಸುತ್ತೇನೆ. ಮೂರು. ಕೆಲವು ದಿನ ನಾಲ್ಕು. ನಾಲ್ಕನೆಯದು ಯಾರಿಗೆ ಅಂತ ಆ ದಿನವಿಡೀ ಯೋಚಿಸುತ್ತೇನೆ. ಸಂಜೆ ಏಳಕ್ಕೆ ಧಾರಾವಾಹಿ. ಅದರೊಳಗಿನ ಸೊಸೆಯರಿಗೆ ಆಕೆ ಬಾಯಿತುಂಬ ಬೈಯುತ್ತಾಳೆ. ನನಗೆ ಬೈಯುವುದಿಲ್ಲ.

ಬೈಯಲು ಮಾತಾದರೂ ಇರಬೇಕಲ್ಲ?

ಮಾತು ನಿಲ್ಲಲು ಕಾರಣ ಭಾನುವಾರದ ಪೇಪರಿಗೆ ನಾನು ಬರೆಯುವ ಈ ಕಾಲಂ. ನಿಮ್ಮಲ್ಲಿ ಕೆಲವರಿಗೆ ನೆನಪಿರಬಹುದು. ಅಣ್ಣ ಹೋದ ಮೂರನೆಯ ದಿನವೇ ಅತ್ತಿಗೆ ನನ್ನ ಮುಂದೆ ಕೈ ಚಾಚಿ ಅವನ ಕಪಾಟಿನ ಕೀಲಿ ಕೇಳಿ ಇಸಿದುಕೊಂಡಳು ಅಂತ ಬರೆದಿದ್ದೆ. ‘ಕಣ್ಣೀರು ಒಣಗುವ ಮೊದಲೇ ಕೈ ಚಾಚಿತ್ತು’ ಅನ್ನುವುದು ಕೊನೆಯ ಸಾಲು. ಎಷ್ಟು ಫೋನು ಬಂದವು! ಕೊಪ್ಪಳದ ಓದುಗರೊಬ್ಬರು “ಆ ಕೊನಿ ಸಾಲು ಭಾಳ ಛಲೋ ಐತ್ರಿ ಮೇಡಂ, ಮನಿಮಂದಿಗೆಲ್ಲ ಓದಿ ಹೇಳ್ದೆ” ಅಂದರು. ನಾನು ಬೀಗಿದೆ. ಆ ಭಾನುವಾರ ಬೆಳಿಗ್ಗೆ ಗೋಡೆಯಾಚೆ ಪೇಪರು ಮಡಚುವ ಸದ್ದು ಕೇಳಿಸಿತ್ತು. ನಿಧಾನಕ್ಕೆ, ನಾಲ್ಕು ಮಡಿಕೆ. ಅಂದಿನಿಂದ ನನಗೆ ಅಂತ ಆಕೆಯ ಬಾಯಿಂದ ಒಂದು ಮಾತೂ ಬಂದಿಲ್ಲ.

ಇರಲಿ. ತಗಡಿಗೆ ಬರೋಣ.

ಗುರುವಾರ ಗಂಗಾವತಿಯಿಂದ ರಾಜಾಸಾಬ್ ಮಿಸ್ತ್ರಿ ಬಂದರು. ಅಲ್ಲಿಯ ಅಕ್ಕಿ ಗಿರಣಿಗಳ ಮಾಡು ಹತ್ತಿ ಇಳಿದು ಕೂದಲು ಬೆಳ್ಳಗಾದವರು. ಬಂದವರೇ “ಜೋಡಿಯವ ಮದುವಿಗಂತ ಹೇಮಗುಡ್ಡಕ್ಕ ಹೋಗ್ಯಾನ್ರಿ, ಇವತ್ತ ನಾನೊಬ್ಬನ” ಅಂದರು. ಏಣಿ ಹತ್ತಿ ನೋಡಿ ಇಳಿದರು.

“ಟೀಚರ್ರ, ರಿಜ್ ಒಂದ ಕಡಿ ಬಿಗದರ ನಿಲ್ಲಂಗಿಲ್ರಿ. ಎರಡೂ ಕಡಿ ಸ್ಕ್ರೂ ಬೀಳಬೇಕು. ಆ ಕಡಿಯಾರನ್ನ ಕೇಳೀರೇನು?”

“ನೀವ ಕೇಳ್ರಿ.”

“ಒಂದ ಮನಿ ಅಲ್ಲೇನ್ರಿ ಇದು?”

“ಹೌದ್ರಿ.”

“ಮತ್ತ?”

ಮಿಸ್ತ್ರಿ ನನ್ನ ಮುಖವನ್ನು ಒಂದು ಗಳಿಗೆ ನೋಡಿ ಪಕ್ಕದ ಬಾಗಿಲಿಗೆ ಹೋದರು. ಎರಡು ನಿಮಿಷಕ್ಕೆ ವಾಪಸ್ಸು.

“ಹೊಡೀರಿ ಅಂದ್ರು. ಕೆಲಸ ಮುಗಿಸಿ ಚಾ ಕುಡದು ಹೋಗ್ರಿ ಅಂತನೂ ಅಂದ್ರು.”

(ನೀವು ಚಾಕ್ಕೆ ಕರೆಯಲಿಲ್ಲ ಅನ್ನುವುದು ಅವರ ದನಿಯಲ್ಲೇ ಇತ್ತು.)

ಡ್ರಿಲ್ ಶುರುವಾದರೆ ಧೂಳು, ಚೂರು ಎಲ್ಲ ಬೀಳುತ್ತದೆ, ಗೋಡೆಗೆ ಹಾಕಿದ್ದನ್ನು ಇಳಿಸಿ ಅಂದರು. ಇಳಿಸಿದೆ. ಗಡಿಯಾರ. ಕನ್ನಡಿ. ಆಮೇಲೆ ಕ್ಯಾಲೆಂಡರು. ಹಳೆಯದನ್ನು ತೆಗೆಯದೆ ಅದರ ಮೇಲೇ ಹೊಸದನ್ನು ನೇತುಹಾಕುವ ಸೋಮಾರಿ ನಾನು. ಮೂರೂ ಒಟ್ಟಿಗೆ ಕೈಗೆ ಬಂದವು. ಅವುಗಳ ಹಿಂದೆ ಮೊಳೆ. ಮೊಳೆಗೆ ಒಂದು ಕೀಲಿ.

ಅಣ್ಣ ಕಟ್ಟಿದ ಕೆಂಪು ದಾರ ಇನ್ನೂ ಇತ್ತು. ಕಪಾಟಿನ ಕೀಲಿ.

ಆಕೆ ಕೇಳಿ ಇಸಿದುಕೊಂಡಿದ್ದರೆ ಅದು ನನ್ನ ಮನೆಯಲ್ಲಿ ಯಾಕಿದೆ?

ಕುರ್ಚಿಯ ಮೇಲೆ ಕೂತುಬಿಟ್ಟೆ. ಆ ದಿನದ್ದು ಅಂತ ನನಗೆ ನಿಜವಾಗಿ ನೆನಪಿರುವುದು ಎರಡು ಕೈ, ನಡುವೆ ಒಂದು ಕೀಲಿ. ಅಷ್ಟೇ. ಕೊಡುವ ಕೈ ಯಾರದು, ತಗೊಳ್ಳುವ ಕೈ ಯಾರದು? ಬರೆಯಲು ಕೂತಾಗ ನಾನು ಒಂದನ್ನು ಆರಿಸಿಕೊಂಡೆ. ಯಾಕೆ? ಕೊನೆಯ ಸಾಲು ಚೆನ್ನಾಗಿ ಬರುತ್ತಿತ್ತು.

ಈಗ ತಿರುಗಿಸಿ, ‘ಅತ್ತಿಗೆ ಆ ಕೀಲಿಯನ್ನು ನನ್ನ ಅಂಗೈಯಲ್ಲಿಟ್ಟು ಬೆರಳು ಮಡಚಿದಳು’ ಅಂತ ಬರೆಯಬಹುದು. ಅದಕ್ಕೂ ಫೋನು ಬರುತ್ತವೆ. ಆದರೆ ಅದೂ ನನಗೆ ಗೊತ್ತಿಲ್ಲ. ಗೊತ್ತಿರುವುದು ಇಷ್ಟು: ಕೀಲಿ ಇಲ್ಲಿದೆ. ಆಕೆ ಇಸಿದುಕೊಂಡಳು ಅಂತ ನಾನು ಬರೆಯುತ್ತಿದ್ದ ಹೊತ್ತಿಗೂ ಇಲ್ಲೇ ಇತ್ತು, ನನ್ನ ಬೆನ್ನ ಹಿಂದೆ, ಎರಡು ಮಾರು ದೂರದಲ್ಲಿ.

“ಯಾರ್ರಿ ಇದನ್ನ ಮೊದಲ ಬಡದಾವ?”

ಮೇಲಿಂದ ಮಿಸ್ತ್ರಿಯ ದನಿ. ನೆತ್ತಿಯ ಮೇಲೆ ಕುದುರೆ ಹತ್ತಿದ ಹಾಗೆ ಕೂತಿದ್ದರು. ಒಂದು ಕಾಲು ನನ್ನ ಕಡೆ, ಒಂದು ಕಾಲು ಆಕೆಯ ಕಡೆ.

“ತಗಡಿನ ತಗ್ಗಿನ್ಯಾಗ ನೀರು ಹರೀತೈತ್ರಿ. ಮೊಳಿ ಉಬ್ಬಿನ ಮ್ಯಾಲ ಹೊಡೀಬೇಕು. ಇವ ಯಾವನೋ ಶಾಣ್ಯಾ ಎಲ್ಲಾ ತಗ್ಗಿನ್ಯಾಗ ಹೊಡದಾನ!”

ಆ ಶಾಣ್ಯಾ ನನ್ನ ಅಣ್ಣ. ‘ಅಣ್ಣ ಮುಟ್ಟಿದ ಕೆಲಸ ಕೆಡುವುದಿಲ್ಲ’ ಅಂತ ಇದೇ ಜಾಗದಲ್ಲಿ ಎಷ್ಟು ಸಲ ಬರೆದಿದ್ದೇನೋ. ನಾನು ಬಾಯಿ ತೆರೆಯುವ ಮೊದಲೇ ಗೋಡೆಯಾಚೆಯಿಂದ ಉತ್ತರ ಹೋಯಿತು.

“ನಮ್ಮನಿಯವರ ಹೊಡದಿದ್ರು. ಕೆಳಗ ನಿಂತು ಬಡಕೊಂಡೆ, ಉಬ್ಬಿನ ಮ್ಯಾಲ ಹೊಡೀರಿ, ಉಬ್ಬಿನ ಮ್ಯಾಲ ಹೊಡೀರಿ ಅಂತ. ಕೇಳಿದ್ರೇನು?”

ಮಿಸ್ತ್ರಿ ನಾಲಿಗೆ ಕಚ್ಚಿಕೊಂಡಿರಬೇಕು. “ತಪ್ಪಾತ್ರಿ ದೊಡ್ಡಕ್ಕಾರ. ಆದ್ರೂ ಗಟ್ಟಿ ಹೊಡದಾರ್ರಿ.”

“ಏನ್ ಗಟ್ಟಿ? ಹಾರಿ ಹೋಗಿ ಶಿವಪ್ಪನ ಅಂಗಡಿ ಮುಂದ ಬಿತ್ತಲ್ಲ!”

ನನಗೆ ನಗು ಬಂತು. ಸೆರಗು ಬಾಯಿಗಿಟ್ಟು ತಡೆದೆ. ಆ ಕಡೆಯೂ ಯಾರೋ ನಗು ತಡೆದ ಹಾಗೆ ಸದ್ದು. (ಕೆಮ್ಮೂ ಇರಬಹುದು. ಆಕೆಗೆ ಧೂಳಾಗುವುದಿಲ್ಲ.)

ಕೆಲಸ ನಡೆಯಿತು. ದಾರ ಹಿಡಿದು ಗೆರೆ ಹಾಕಿದರು. ಗಾಳಿ ಬರುವ ದಿಕ್ಕಿನ ತುಂಡು ಮೇಲೆ ಬರುವಂತೆ, ಎಂಟೆಂಟು ಬೆರಳು ಒಂದರ ಮೇಲೊಂದು ಹತ್ತಿಸಿ ತಗಡು ಜೋಡಿಸಿದರು. ನನ್ನ ಕಡೆ ಒಂದು ಸ್ಕ್ರೂ, ಆಕೆಯ ಕಡೆ ಒಂದು. ಪ್ರತಿ ಸ್ಕ್ರೂಗೂ ಕರೀ ರಬ್ಬರಿನ ವಾಷರು. “ಭಾಳ ಬಿಗದರ ರಬ್ಬರ್ ಹರೀತೈತಿ, ಸಡಲ ಬಿಟ್ಟರ ನೀರು ಇಳೀತೈತಿ” ಅಂತ ತಮ್ಮಷ್ಟಕ್ಕೆ ತಾವೇ ಹೇಳಿಕೊಳ್ಳುತ್ತಿದ್ದರು. (ಇದರಿಂದ ಸಂಬಂಧಗಳ ಬಗ್ಗೆ ಒಂದು ನೀತಿ ಹಿಂಡಬಹುದು. ಹೋದ ವರ್ಷವಾಗಿದ್ದರೆ ಹಿಂಡುತ್ತಿದ್ದೆ. ಅದು ಬರೀ ರಬ್ಬರು.)

ಕೊನೆಯ ತುಂಡೊಂದು ಉಳಿದಾಗ ಸಂದಿಯಿಂದ ಕೆಳಗೆ ಬಗ್ಗಿದರು. ಆಕಾಶದ ಪಟ್ಟಿಯಲ್ಲಿ ಅವರ ಮುಖ.

“ಟೀಚರ್ರ, ಗ್ವಾಡಿ ಮ್ಯಾಲ ಒಂದು ಗೇಣು ಬಿಟ್ಟಾರಲ್ಲ, ಒಳಗಿಂದ ಅದಕ್ಕ ಫೋಮ್ ತುಂಬಿಬಿಡ್ಲೇನು?”

“ತುಂಬಿದರ ಏನಾಗ್ತದ?”

“ಗಾಳಿ ಹೊಕ್ಕು ತಗಡು ಎತ್ತಂಗಿಲ್ಲ. ಇಲಿ ಅಡ್ಡಾಡಂಗಿಲ್ಲ. ಆ ಕಡಿ ಸಪ್ಪಳ ಈ ಕಡಿ ಬರಂಗಿಲ್ಲ. ನಿಮಗ ಬರಿಯಾಕೂ ಶಾಂತ ಆಕ್ಕತಿ.”

ಗೋಡೆಯಾಚೆ ರೊಟ್ಟಿ ಬಡಿಯುವ ಸದ್ದು ಎರಡಕ್ಕೇ ನಿಂತಿತ್ತು. ಆಕೆ ಕೇಳಿಸಿಕೊಳ್ಳುತ್ತಿದ್ದಳು. ಬೇಡ ಅಂದರೆ ಏನರ್ಥ? ಎಂಟು ತಿಂಗಳಿಂದ ನಾನಿಲ್ಲಿ ಕೂತು ನಿನ್ನ ರೊಟ್ಟಿ ಎಣಿಸುತ್ತಿದ್ದೇನೆ ಅಂತ ಒಪ್ಪಿಕೊಂಡ ಹಾಗಲ್ಲವೇ?

“ತುಂಬ್ರಿ,” ಅಂದೆ. ಸ್ವಲ್ಪ ಜೋರಾಗಿಯೇ.

“ಆಗಲ್ರಿ. ಮೊದಲ ಬೆಳಕು ನೋಡೂಣು. ಇಬ್ರೂ ನಿಮ್ಮ ನಿಮ್ಮ ಕಡಿ ನಿಂತು ಮ್ಯಾಲ ನೋಡ್ರಿ. ಬೆಳಕು ಕಂಡಲ್ಲಿ ಮಳಿ ಬರತೈತಿ.”

ಕೊನೆಯ ತುಂಡು ಕೂತಿತು. ಕೋಣೆ ಗವ್ವೆಂದಿತು. ಕಾಣದೆ ನಾನು ಟ್ಯೂಬ್‌ಲೈಟ್ ಹಾಕಿದೆ. ಗೋಡೆಯ ಎರಡೂ ಕಡೆ ಇಬ್ಬರು ಹೆಂಗಸರು, ಇಬ್ಬರದೂ ಕತ್ತು ಮೇಲಕ್ಕೆ.

“ಟೀಚರ್ರ, ಬೆಳಕು ಕಾಣತೈತೇನು?”

“ಇಲ್ರಿ.”

“ದೊಡ್ಡಕ್ಕಾರ, ನಿಮ್ಮ ಕಡಿ?”

ಗೋಡೆಯಾಚೆ ಎರಡು ಹೆಜ್ಜೆ ಸರಿದ ಸದ್ದು.

“ಒಂದ ಕಡಿ ಕಾಣತೈತಿ.”

“ಎಲ್ಲಿ?”

“ಗ್ವಾಡಿ ಮ್ಯಾಲ.”

“ಅಯ್ಯ, ಅದು ತೂತಲ್ರಿ. ಟೀಚರ್ ಮನಿ ಲೈಟದು!”

“ಗೊತ್ತೈತಿ,” ಅಂದಳು ಅತ್ತಿಗೆ.

ನಾನು ಕತ್ತು ಇಳಿಸಲಿಲ್ಲ. ಆ ಸಂದಿಯಿಂದ ಆ ಕಡೆಯದು ಈ ಕಡೆ ಬರುವುದಷ್ಟೇ ನನಗೆ ಗೊತ್ತಿತ್ತು. ಈ ಕಡೆಯದು ಆ ಕಡೆಗೂ ಹೋಗುತ್ತದೆ ಅಂತ, ಇಪ್ಪತ್ತು ವರ್ಷ ಗಣಿತ ಹೇಳಿದವಳಿಗೆ ಹೊಳೆದೇ ಇರಲಿಲ್ಲ.

ಮಿಸ್ತ್ರಿ ಇಳಿದು ಆ ಕಡೆಯ ಕಟ್ಟೆಯ ಮೇಲೆ ಕೂತು ಚಾ ಕುಡಿದರು. ಆಮೇಲೆ ಆಕೆಯ ಮನೆಯೊಳಗೆ ಏಣಿ ಒಯ್ಯುತ್ತಾರೆ, ಫೋಮು ತುಂಬುತ್ತಾರೆ ಅಂತ ಕಾದೆ. ಇನ್ನು ಲೈಟರು ಕೇಳುವುದಿಲ್ಲ, ಪೇಪರು ಮಡಚುವುದು ಕೇಳುವುದಿಲ್ಲ. ಬೇಸಿಗೆ ರಜೆ ಮುಗಿಯಲು ಇನ್ನೂ ದಿನಗಳಿವೆ. ಒಂದು ರೇಡಿಯೊ ತರಬೇಕು ಅಂದುಕೊಂಡೆ. ಸುರುಳಿ ಸುತ್ತಿದ ಫೋಮು ಕಂಕುಳಲ್ಲಿ ಇಟ್ಟುಕೊಂಡೇ ಮಿಸ್ತ್ರಿ ನನ್ನ ಬಾಗಿಲಿಗೆ ಬಂದರು.

“ತುಂಬಲಿಲ್ಲೇನ್ರಿ?”

“ದೊಡ್ಡಕ್ಕಾರ ಬ್ಯಾಡ ಅಂದ್ರು. ಒಲಿ ಹೊಗಿ ಹೋಗಾಕ ಸಂದಿ ಬೇಕಂತ.”

“ಹಂಗಾದರ ಹೊಗಿ ಎಲ್ಲಾ ನನ್ನ ಮನಿಗೆ ಬರ್ತದಲ್ಲ?”

“ಅದನ್ನೂ ಹೇಳ್ದೆ. ಬರಲಿ ಬಿಡ್ರಿ, ಅಂದ್ರು.”

“ಗಾಳಿ ಮತ್ತ ತಗಡು ಎತ್ತಿದರ?”

“ಎತ್ತಲಿ ನೋಡೂಣು! ಡಬಲ್ ಸ್ಕ್ರೂ ಹೊಡದೀನಿ. ಅದೂ ಉಬ್ಬಿನ ಮ್ಯಾಲ.”

ಮಿಸ್ತ್ರಿ ಹೋದರು. ನಾನು ಗಡಿಯಾರ ನೇತುಹಾಕಿದೆ, ಕನ್ನಡಿ ನೇತುಹಾಕಿದೆ. ಕ್ಯಾಲೆಂಡರು ಹಾಕಲಿಲ್ಲ. ಕೀಲಿ ಈಗ ನನ್ನ ಮೇಜಿನ ಮೇಲಿದೆ, ಈ ಹಾಳೆಯ ಪಕ್ಕದಲ್ಲಿ.

ಎದ್ದು ಹೋಗಿ ಕೊಟ್ಟು ಬರಬಹುದಲ್ಲ ಅನ್ನುತ್ತೀರಿ. ಬಾಗಿಲಿಂದ ಬಾಗಿಲಿಗೆ ಮೂರು ಹೆಜ್ಜೆ. ಎರಡು ಸಲ ಹೊಸ್ತಿಲ ತನಕ ಹೋಗಿ ಬಂದೆ. ಎದುರು ಹೇಳಲಾಗದ್ದನ್ನು ಸ್ಟೇಟಸ್‌ಗೆ ಹಾಕಿ, ಆ ಒಬ್ಬರು ನೋಡಿದರೋ ಇಲ್ಲವೋ ಅಂತ ಗಳಿಗೆಗೊಮ್ಮೆ ಫೋನು ತೆಗೆಯುವವರು ನೀವಲ್ಲವೇ? ನನ್ನದು ಕಾಲಂ, ಅಷ್ಟೇ ವ್ಯತ್ಯಾಸ. ಮೂರು ಹೆಜ್ಜೆ ನಡೆಯಲಾಗದವಳು ಊರೂರು ತಿರುಗುವ ಪೇಪರಿನಲ್ಲಿ ಬರೆಯುತ್ತಿದ್ದೇನೆ.

ಹೋದ ವರ್ಷದ ಆ ಬರಹದ ಕೊನೆಯ ಸಾಲು ಸುಳ್ಳು. ಛಲೋ ಐತಿ ಅಂದವರೂ ಇದನ್ನು ಓದಲಿ.

ಈ ಪೇಪರು ಭಾನುವಾರ ಆರೂವರೆಗೆ ಮೊದಲು ಪಕ್ಕದ ಬಾಗಿಲಿಗೆ ಬೀಳುತ್ತದೆ. ಆ ಹೊತ್ತಿಗೆ ಅಲ್ಲಿ ಚಾ ಆಗಿರುತ್ತದೆ. ನಾನು ಗೋಡೆಯ ಈ ಕಡೆ ಕೀಲಿ ಹಿಡಿದು ನಿಂತಿರುತ್ತೇನೆ. ಕೇಳಬೇಕಾದ್ದು ಒಂದೇ ಮಾತು.

ಅತ್ತಿಗೀ, ಲೈಟರ್ ಒತ್ತಿ ಹಚ್ಚೋ ಗ್ಯಾಸಿನ ಒಲಿಗೆ ಯಾವ ಹೊಗಿ?